ಹಲವು ನಾಡುಗಳ ಒಂದು ಊರು: ಟೊರಾಂಟೊ ಪ್ರವಾಸಕ್ಕೆ ಸಿದ್ಧತೆ



ಅಕ್ಕನೋ ಅಣ್ಣನೋ ಚಿಕ್ಕಪ್ಪನೋ ಕೆನಡಾದಲ್ಲಿರುವ ಮನೆಗಳು ಈಗ ನಮ್ಮಲ್ಲಿ ಅಪರೂಪವಲ್ಲ. ‘ರಜಕ್ಕೆ ಬಂದು ಹೋಗಿ’ ಎಂಬ ಕರೆ ಒಂದು ದಿನ ನಿಮಗೂ ಬರಬಹುದು. ಬಾರದಿದ್ದರೂ ಚಿಂತೆಯಿಲ್ಲ. ಭೂಪಟ ಮುಂದಿಟ್ಟುಕೊಂಡು ಪ್ರವಾಸದ ಯೋಜನೆ ಹಾಕುವುದಕ್ಕೆ ಖರ್ಚಿಲ್ಲ. ಇಂದು ನಾವು ಟೊರಾಂಟೊ ನಗರಕ್ಕೆ ಅಂಥದೊಂದು ಯೋಜನೆ ಹಾಕೋಣ.

ಒಂಟಾರಿಯೊ ಸರೋವರದ ವಾಯವ್ಯ ದಡದಲ್ಲಿರುವ ಈ ನಗರದ ಜನಸಂಖ್ಯೆ 2021ರ ಜನಗಣತಿಯಂತೆ ಸುಮಾರು 28 ಲಕ್ಷ. ಅವರಲ್ಲಿ ನೂರಕ್ಕೆ 46ಕ್ಕಿಂತ ಹೆಚ್ಚು ಮಂದಿ ಬೇರೆ ದೇಶಗಳಲ್ಲಿ ಹುಟ್ಟಿ ವಲಸೆ ಬಂದವರು. ಗೋಪುರಗಳು, ಅಂಗಡಿಗಳು ಬೇರೆ ಊರುಗಳಲ್ಲೂ ಇವೆ. ಇಷ್ಟು ಬಗೆಯ ಜನ ಒಂದೇ ಬಸ್ಸಿನಲ್ಲಿ ಕೂತು ಹೋಗುವುದನ್ನು ನೋಡುವುದೇ ಇಲ್ಲಿಗೆ ಹೋಗುವುದರ ಮುಖ್ಯ ಲಾಭ.

ಮೊದಲು, ಯಾವಾಗ ಹೋಗಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲ ಉತ್ತಮ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಟೊರಾಂಟೊ ಸುಮಾರು 44 ಡಿಗ್ರಿಯಲ್ಲಿದೆ. ಭೂಮಿಯ ಅಕ್ಷ ಓರೆಯಾಗಿರುವುದರಿಂದ ಅಲ್ಲಿ ಜೂನ್ ತಿಂಗಳ ಹಗಲು ಹದಿನೈದು ಗಂಟೆಗೂ ಹೆಚ್ಚು. ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತಾಗಿರುತ್ತದೆ. ಡಿಸೆಂಬರ್‌ನಲ್ಲಾದರೋ ಸಂಜೆ ಐದಕ್ಕೆ ಮೊದಲೇ ಕತ್ತಲು. ಭೂಗೋಳದ ಪಾಠದಲ್ಲಿ ಓದಿದ್ದನ್ನು ಕಿಟಕಿಯಲ್ಲೇ ಕಾಣಬಹುದು!

ಎರಡನೆಯದು ಕಾಗದ ಪತ್ರ. ವೀಸಾ ಅರ್ಜಿಯನ್ನು ಕೆಲವು ತಿಂಗಳು ಮೊದಲೇ ಸಲ್ಲಿಸಬೇಕು. ನೀವು ಇನ್ನೂ ಅಪ್ರಾಪ್ತ ವಯಸ್ಕರಾಗಿದ್ದು, ತಂದೆತಾಯಿ ಜೊತೆಯಲ್ಲಿಲ್ಲದೆ ಹೊರಡುವುದಾದರೆ ಅವರ ಒಪ್ಪಿಗೆಯ ಪತ್ರ ಕೈಯಲ್ಲಿರಲಿ. ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಪ್ರವಾಸಿಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ.

ಸಾಮಾನು ಕಟ್ಟುವಾಗ ಒಂದು ಮಾತು ನೆನಪಿಡಿ. ನಮ್ಮ ಮನೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಫೋನಿನ ಚಾರ್ಜರ್ ಮೇಲೆ ‘100–240’ ಎಂದು ಬರೆದಿದ್ದರೆ ಚಪ್ಪಟೆ ಕಡ್ಡಿಯ ಪಿನ್ನಿಗೆ ಹೊಂದುವ ಅಡಾಪ್ಟರ್ ಸಾಕು. ನೀರು ಕಾಯಿಸುವ ನಮ್ಮ ಕಾಯಿಲ್ ಮಾತ್ರ ಅಲ್ಲಿ ಕೆಲಸಕ್ಕೆ ಬಾರದು. ವೋಲ್ಟೇಜ್ ಅರ್ಧವಾದರೆ ಅದರ ಶಾಖ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಖರ್ಚಿನ ಲೆಕ್ಕದಲ್ಲಿ ಇನ್ನೊಂದು ಎಚ್ಚರ: ಅಂಗಡಿಯಲ್ಲಿ ಬರೆದಿರುವ ಬೆಲೆಯ ಮೇಲೆ, ಬಹುಪಾಲು ವಸ್ತುಗಳಿಗೆ, ಬಿಲ್ಲಿನಲ್ಲಿ ನೂರಕ್ಕೆ 13ರಷ್ಟು ತೆರಿಗೆ ಸೇರುತ್ತದೆ.

ಇನ್ನು ನೋಡುವ ಜಾಗಗಳು. ಸಿ.ಎನ್. ಗೋಪುರವನ್ನು ಬಿಡುವಂತಿಲ್ಲ. ನಗರದ ನಡುವೆ ಎತ್ತರದ ಕಟ್ಟಡಗಳು ಎದ್ದು ಟೆಲಿವಿಷನ್ ಮತ್ತು ರೇಡಿಯೋ ತರಂಗಗಳಿಗೆ ಅಡ್ಡವಾದಾಗ, ಅವನ್ನೂ ಮೀರಿ ಪ್ರಸಾರ ಮಾಡಲೆಂದು 1976ರಲ್ಲಿ ಪೂರ್ಣಗೊಳಿಸಿದ 553 ಮೀಟರ್ ಎತ್ತರದ ಗೋಪುರವಿದು. ಟೆಲಿವಿಷನ್ನಿನಲ್ಲಿ ದುಡಿಯುವ ನನ್ನಂಥವರಿಗೆ ಇದು ಪ್ರವಾಸಿ ತಾಣಕ್ಕಿಂತ ಹೆಚ್ಚಾಗಿ ಒಂದು ದೊಡ್ಡ ಆಂಟೆನಾ! ಟೊರಾಂಟೊ ವಿಶ್ವವಿದ್ಯಾಲಯದ ಆವರಣದಲ್ಲೂ ಒಮ್ಮೆ ನಡೆದು ಬನ್ನಿ. 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕುರಿತ ಪ್ರಯೋಗ ನಡೆಸಿದ್ದು ಅಲ್ಲಿಯೇ. ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಯ ಮಕ್ಕಳಿಗೆ ಆ ಮಾತಿನ ಬೆಲೆ ಗೊತ್ತು. ಒಂದು ಇಡೀ ದಿನವನ್ನು ನಯಾಗರಾ ಜಲಪಾತಕ್ಕೆ ಮೀಸಲಿಡಿ. ಅದು ಸುಮಾರು 130 ಕಿಲೋಮೀಟರ್ ದೂರದಲ್ಲಿದೆ.

ಉಳಿದ ದಿನಗಳನ್ನು ಬೀದಿಗಳಿಗೆ ಕೊಡಿ. ಒಮ್ಮೆ ಟಿಕೆಟ್ ಪಡೆದರೆ ಎರಡು ಗಂಟೆಗಳ ಕಾಲ ಟ್ರಾಮು, ಬಸ್ಸು, ಸುರಂಗ ರೈಲುಗಳಲ್ಲಿ ಹತ್ತಿ ಇಳಿಯಬಹುದು. ಕೆನ್ಸಿಂಗ್ಟನ್ ಮಾರ್ಕೆಟ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯಹೂದಿಗಳ ಪೇಟೆಯಾಗಿತ್ತು. ಆಮೇಲೆ ಪೋರ್ಚುಗೀಸರು, ಕೆರಿಬಿಯನ್ ದ್ವೀಪದವರು, ಚೀನೀಯರು ಬಂದರು. ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರಗಳು ಈಗಲೂ ಅಲ್ಲಿವೆ. ಜೆರಾರ್ಡ್ ಬೀದಿಗೆ ಹೋದರೆ ಸೀರೆ, ಸಿಹಿತಿಂಡಿಗಳ ಅಂಗಡಿಸಾಲು ಕಾಣುತ್ತದೆ. 1972ರಲ್ಲಿ ನಾಜ್ ಎಂಬ ಚಿತ್ರಮಂದಿರ ಹಿಂದಿ ಚಿತ್ರಗಳನ್ನು ತೋರಿಸತೊಡಗಿದಾಗ ಅದರ ಸುತ್ತ ಬೆಳೆದ ಪೇಟೆ ಅದು. ಸ್ಕಾರ್ಬರೋ ಭಾಗದಲ್ಲಿ, ಅಂತರ್ಯುದ್ಧದ ಕಾಲದಲ್ಲಿ ಶ್ರೀಲಂಕಾ ತೊರೆದು ಬಂದ ತಮಿಳರು ಬಹಳ ಮಂದಿ ಇದ್ದಾರೆ. ಕನ್ನಡಿಗರ ಸಂಘವೂ ಈ ನಗರದಲ್ಲಿದೆ.

ಇದನ್ನೆಲ್ಲ ನೋಡಿ ‘ಇಲ್ಲಿ ಎಂದೂ ಹೀಗೆಯೇ ಇತ್ತು’ ಎಂದುಕೊಳ್ಳಬೇಡಿ. ಕ್ರಿಸ್ಟೀ ಪಿಟ್ಸ್ ಎಂಬ ಉದ್ಯಾನಕ್ಕೂ ಹೋಗಿ. 1933ರ ಆಗಸ್ಟ್‌ನಲ್ಲಿ ಅಲ್ಲಿ ಬೇಸ್‌ಬಾಲ್ ಆಟದ ಹೊತ್ತಿನಲ್ಲಿ ಕೆಲವರು ಸ್ವಸ್ತಿಕದ ಬಾವುಟ ಹಿಡಿದು ಯಹೂದಿ ಯುವಕರನ್ನು ಕೆಣಕಿದಾಗ ಗಂಟೆಗಟ್ಟಲೆ ಗಲಭೆ ನಡೆಯಿತು. 1923ರ ಕಾನೂನು ಚೀನೀಯರಿಗೆ ಕೆನಡಾದ ಬಾಗಿಲನ್ನೇ ಹೆಚ್ಚುಕಡಿಮೆ ಮುಚ್ಚಿತ್ತು. ಅದು ರದ್ದಾದದ್ದು 1947ರಲ್ಲಿ. ಭಾರತೀಯರನ್ನು ಹೊತ್ತು ತಂದ ಕೋಮಗಾಟಮಾರು ಹಡಗನ್ನು 1914ರಲ್ಲಿ ವ್ಯಾಂಕೂವರ್ ಬಂದರಿನಿಂದ ಹಿಂದಕ್ಕೆ ಅಟ್ಟಲಾಗಿತ್ತು. 1967ರಲ್ಲಿ ವಿದ್ಯೆ, ಕಸಬು, ಭಾಷೆಗಳಿಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಪದ್ಧತಿ ಬಂದ ಮೇಲೆ ಏಷ್ಯಾದವರಿಗೂ ದಾರಿ ತೆರೆಯಿತು. ಬಹುಸಂಸ್ಕೃತಿಯ ನೀತಿ 1971ರಲ್ಲಿ ಸರ್ಕಾರದ ಘೋಷಣೆಯಾಯಿತು, 1988ರಲ್ಲಿ ಕಾನೂನಾಯಿತು. ಅಂದರೆ ಈ ಸಹಬಾಳ್ವೆ ತಾನಾಗಿ ಬೆಳೆದದ್ದಲ್ಲ. ಜನ ಕೇಳಿ, ಹೋರಾಡಿ, ಕಾನೂನು ತಿದ್ದಿಸಿ ಪಡೆದದ್ದು. ಅಸಡ್ಡೆ ಮಾಡಿದರೆ ಕಳೆದುಹೋಗುವಂಥದೂ ಹೌದು.

ಆದ್ದರಿಂದ ನಿಮ್ಮ ಚೀಲದಲ್ಲಿ ಕ್ಯಾಮೆರಾದ ಜೊತೆಗೆ ಒಂದು ನೋಟ್‌ಬುಕ್ ಇರಲಿ. ದಿನಕ್ಕೊಬ್ಬರನ್ನಾದರೂ, ವಿನಯದಿಂದ, ‘ನಿಮ್ಮ ಹಿರಿಯರು ಎಲ್ಲಿಂದ ಬಂದರು? ಏಕೆ ಬಂದರು?’ ಎಂದು ಕೇಳಿ, ಅವರು ಹೇಳಲು ಒಪ್ಪಿದರೆ ಬರೆದುಕೊಳ್ಳಿ. ಕೆನಡಾಕ್ಕೆ ಹೋಗುವ ಅವಕಾಶ ಸಿಗದವರು ಇದೇ ಪ್ರಶ್ನೆಯನ್ನು ತಮ್ಮ ಬೀದಿಗೆ ಹೊಸದಾಗಿ ಬಂದಿರುವ ಮನೆಯವರಿಗೆ ಕೇಳಬಹುದು. ಅದಕ್ಕೆ ವೀಸಾ ಬೇಕಿಲ್ಲ.

ನಿಮ್ಮ ಪ್ರಯಾಣ ಸುಖಕರವಾಗಲಿ.