ಗೋಬಿ ಬಂಡಿಗೆ ಕಾನೂನು ಬಂತು, ಕೋಲಾ ಬಾಟಲಿಗೆ?

ಬೀದರ್ ಸಿಟಿಯೊಳಗ ಸಂಜೆ ಗೋಬಿ ಬಂಡಿ ಮುಂದೆ ನಿಲ್ಲೋರಿಗೆ 2024ರ ಮಾರ್ಚ್ 11 ನೆನಪದ ಏನು? ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ಹೇಳಿದ ದಿನ. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಬಂದಿದ್ವು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ.

‘ನನ್ನ ನಾಲಿಗೆ, ನನ್ನ ಇಷ್ಟ, ಸರ್ಕಾರಕ್ಕೇನು?’ ಅನ್ನೋರು ಇದ್ದಾರೆ. ಆದ್ರ ಬಟ್ಟೆಗೆ ಹಾಕೋ ರೋಡಮೈನ್-ಬಿ ತಿನ್ನಲಿಕ್ಕೆ ಯಾರೂ ಇಷ್ಟಪಟ್ಟು ಹೋಗಿರಲಿಲ್ಲ. ಬಂಡಿಯವರ ಕಷ್ಟಾನೂ ನೋಡ್ರಿ. ಒಬ್ಬರೇ ಬಣ್ಣ ಬಿಟ್ರ ಗೋಬಿ ಮಂಕಾಗಿ ಕಾಣ್ತದ, ಗಿರಾಕಿ ಪಕ್ಕದ ಬಂಡಿಗೆ ಹೋಗ್ತಾರ. ಎಲ್ಲರಿಗೂ ಒಂದೇ ಸಲ ನಿಯಮ ಬಂದ್ರನೇ ಪ್ರಾಮಾಣಿಕರು ಉಳಿತಾರ.

ಈಗ ಔರಾದ್ ಬಸ್ ಸ್ಟ್ಯಾಂಡ್, ಮೇ ತಿಂಗಳು, ಗಂಟಲು ಒಣಗಿದೆ. ಕೈಯಾಗಿನ 250 ಎಂಎಲ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಅಂದ್ರ ಆರು ಚಮಚದ ಹತ್ತಿರ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ರ ಒಳ್ಳೇದು ಅಂತದ ವಿಶ್ವ ಆರೋಗ್ಯ ಸಂಸ್ಥೆ. ಬಾಟಲಿ ಮೇಲೆ ಲೆಕ್ಕ ಬರೆದಿರ್ತದ, ಹಿಂದಕ್ಕೆ, ಇಂಗ್ಲಿಷ್‌ನಲ್ಲಿ, ಇರುವೆಯಷ್ಟು ಅಕ್ಷರದಾಗ. ಕೋಲಾ ಬಂದ್ ಮಾಡ್ರಿ ಅಂತ ನಾನು ಹೇಳಲ್ಲ, ನಾನೂ ಕುಡಿತೀನಿ. ಆ ಆರು ಚಮಚ ಮುಂದಕ್ಕೆ, ದೊಡ್ಡದಾಗಿ, ಕನ್ನಡದಾಗ ಬರೀಲಿ.

ಮಕ್ಕಳ ವಿಷಯ ಬ್ಯಾರೆ. ಶಾಲೆ ಗೇಟಿನಿಂದ 50 ಮೀಟರ್ ಒಳಗ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರೋದು ಮಾರಬಾರದು ಅಂತ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಭಾಲ್ಕಿಯವರೇ, ನಿಮ್ಮ ಶಾಲೆ ಗೇಟಿನಿಂದ ಎಪ್ಪತ್ತು ಹೆಜ್ಜೆ ನಡೀರಿ. ಎಷ್ಟು ಅಂಗಡಿ ಬಂದ್ವು ಅಂತ ವಾಯ್ಸ್ ನೋಟ್ ಕಳಸ್ರಿ.