ಚೈನಿಲ್ಲದ ಸೈಕಲ್
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರಿನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಅಂತ ನೀವು ಕಾಯುತ್ತಿರಬಹುದು. ಅದನ್ನು ನಿಮ್ಮ ಮೊಬೈಲೇ ದಿನವಿಡೀ ಹೇಳುತ್ತದೆ. ನಾನು ಸೈಕಲ್ ಚೈನಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೊಂದು ಕಾರಣವಿದೆ. ಆ ಕಾರಣ ಇದೇ ಸಭೆಯಲ್ಲಿ ಎಡಗಡೆ ಮೂರನೇ ಸಾಲಿನಲ್ಲಿ ಕೂತಿದೆ. ನನ್ನ ಅಕ್ಕ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್, ಅಪ್ಪನದು. ಇಪ್ಪತ್ತೆಂಟು ಇಂಚಿನ ಗಾಲಿ, ಚೈನಿನ ಸುತ್ತ ಪೂರ್ತಿ ತಗಡಿನ ಕವಚ. ನಾನು ಒಳಪೆಡಲು ಹೊಡೆದು ಕಲಿತದ್ದು ಅದರಲ್ಲೇ. ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಆ ತಗಡು ಸಡಿಲವಾಗಿ ಕಟಕಟ ಅನ್ನುತ್ತಿತ್ತು. ಗೆಳೆಯರು ನಗುತ್ತಿದ್ದರು. ಒಂದು ಭಾನುವಾರ ಸ್ಕ್ರೂ ಬಿಚ್ಚಿ, ಕವಚ ತೆಗೆದು ಗುಜರಿಯವನಿಗೆ ಕೊಟ್ಟೆ. ಎಷ್ಟು ದುಡ್ಡು ಸಿಕ್ಕಿತೋ ನೆನಪಿಲ್ಲ, ಐಸ್‌ಕ್ಯಾಂಡಿ ತಿಂದದ್ದು ನೆನಪಿದೆ. ಅಕ್ಕ ಆಗ ಪಿಯುಸಿ. ಅದೇ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ತಿಂಗಳು ಕಳೆಯುವುದರೊಳಗೆ ಬಳ್ಳಾರಿ ರಸ್ತೆಯಲ್ಲಿ ಅವಳ ಚೂಡಿದಾರದ ಅಂಚು ಚೈನಿಗೆ ಸಿಕ್ಕಿ, ಬಿದ್ದು, ಮುಂದಿನ ಹಲ್ಲು ಮುರಿಯಿತು. ಹಿಂದೆ ಬರುತ್ತಿದ್ದ ಬಸ್ಸು ನಿಂತದ್ದು ನಮ್ಮ ಪುಣ್ಯ. ಅಜ್ಜಿ ಒಂದೇ ಮಾತು ಹೇಳಿದರು: ಹೆಣ್ಣುಮಗಳಿಗೆ ಸೈಕಲ್ ಬೇಡ. ಅಕ್ಕ ಆಮೇಲೆ ಸೈಕಲ್ ಹತ್ತಲಿಲ್ಲ. ಕವಚ ಬಿಚ್ಚಿದ್ದು ಯಾರು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಮೈಕಿನಲ್ಲಿ ಹೇಳುತ್ತಿದ್ದೇನೆ.

ಬಿಇ ಮಾಡುವಾಗ ನನಗೆ ಒಂದು ಹುಚ್ಚು ಹತ್ತಿತು. ಈ ಚೈನೇ ಇಲ್ಲದ ಸೈಕಲ್ ಸಾಧ್ಯವಿಲ್ಲವೇ? ಹುಡುಕಿದರೆ, ಮೊದಮೊದಲ ಸೈಕಲ್ಲುಗಳಿಗೆ ಚೈನೇ ಇರಲಿಲ್ಲ. ಮಕ್ಕಳ ಮೂರು ಗಾಲಿಯ ಸೈಕಲ್ಲಿನ ಹಾಗೆ ಪೆಡಲು ಮುಂದಿನ ಗಾಲಿಗೇ. ಅದರ ತೊಂದರೆ ಏನೆಂದು ಮಕ್ಕಳೇ ಲೆಕ್ಕ ಹಾಕಿ ನೋಡಿ. ಅಪ್ಪನ ಸೈಕಲ್ಲಿನಲ್ಲಿ ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ, ಸೈಕಲ್ಲು ಐದೂವರೆ ಮೀಟರ್ ಹತ್ತಿರ ಮುಂದೆ ಹೋಗುತ್ತದೆ. ಚೈನಿಲ್ಲದೆ ಅಷ್ಟು ದೂರ ಹೋಗಬೇಕಾದರೆ ಗಾಲಿಯೇ 1.7 ಮೀಟರ್ ಎತ್ತರ ಇರಬೇಕು. ಅಂದರೆ ನನ್ನಷ್ಟು! ಹಳೆಯ ಚಿತ್ರಗಳಲ್ಲಿ ಮುಂದೆ ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಸೈಕಲ್ ನೋಡಿದ್ದೀರಲ್ಲ, ಅದರ ಗುಟ್ಟು ಇದೇ. ಮೇಲಿಂದ ಬಿದ್ದರೆ ತಲೆಯೇ ಮೊದಲು ನೆಲಕ್ಕೆ. 1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ರೋಲರ್ ಚೈನ್ ಮಾಡಿದ. 1885ರಲ್ಲಿ ಸ್ಟಾರ್ಲಿಯ ರೋವರ್ ಸೈಕಲ್ ಬಂತು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. ಹೆಂಗಸರೂ ಹತ್ತಬಹುದಾದ ಸೈಕಲ್ ಸಾಧ್ಯವಾದದ್ದು ಚೈನಿನಿಂದಲೇ. ನಮ್ಮ ಮನೆಯಲ್ಲಿ ಇಳಿಸಿದ್ದೂ ಅದೇ ಚೈನು. ಛೆ, ಚೈನಲ್ಲ, ನಾನು.

ಚೈನಿಗೆ ಬದಲಿ ಹುಡುಕಿದವರು ಕಡಿಮೆಯಿಲ್ಲ. 1890ರ ದಶಕದಲ್ಲೇ ಅಮೆರಿಕದಲ್ಲಿ ಶಾಫ್ಟ್ ಸೈಕಲ್ ಮಾರಾಟಕ್ಕೆ ಬಂತು. ಪೆಡಲಿನ ಹತ್ತಿರ ಓರೆ ಹಲ್ಲಿನ ಜೋಡಿ ಚಕ್ರ, ಹಿಂದಿನ ಗಾಲಿಯ ಹತ್ತಿರ ಇನ್ನೊಂದು ಜೋಡಿ, ನಡುವೆ ತಿರುಗುವ ಸರಳು. ಎಲ್ಲವೂ ಕೊಳವೆಯ ಒಳಗೆ. ಬಟ್ಟೆ ಸಿಕ್ಕುವ ಮಾತೇ ಇಲ್ಲ. 2016ರಲ್ಲಿ ಶಾಂಘೈನಲ್ಲಿ ಬೀದಿಬೀದಿಗೆ ಬಾಡಿಗೆ ಸೈಕಲ್ ಇಟ್ಟ ಮೊಬೈಕ್ ಮೊದಲು ಆರಿಸಿದ್ದು ಈ ಶಾಫ್ಟನ್ನೇ. ಆದರೆ ಅದು ಭಾರ, ದುಬಾರಿ. ಅದೇ ವರ್ಷ ಅವರು ಚೈನಿನ ಹಗುರ ಸೈಕಲ್ಲನ್ನೂ ತಂದರು. ಓರೆ ಹಲ್ಲುಗಳು ಉಜ್ಜಿಕೊಳ್ಳುವಾಗ ಶಕ್ತಿ ಪೋಲಾಗುತ್ತದೆ, ಹಲ್ಲಿನ ಒತ್ತಡ ತಡೆಯಲು ಚೌಕಟ್ಟು ಗಟ್ಟಿ ಇರಬೇಕಾಗುತ್ತದೆ. ಚೈನು ಹಾಗಲ್ಲ. 1999ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಅಳೆದಾಗ, ಚೆನ್ನಾಗಿರುವ ಚೈನು ಕಾಲಿನ ಶಕ್ತಿಯಲ್ಲಿ 98.6 ಶೇಕಡಾದವರೆಗೂ ಗಾಲಿಗೆ ಮುಟ್ಟಿಸಿತು. ನಾನು ಬರೆದ ಯಾವ ಪ್ರೋಗ್ರಾಮೂ ಅಷ್ಟು ಚೊಕ್ಕವಾಗಿ ಕೆಲಸ ಮಾಡಿಲ್ಲ.

ಇನ್ನು ಬೆಲ್ಟ್. ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ನೋಡಿದ್ದೀರಿ. 2018ರಿಂದ ನಮ್ಮ ಬೆಂಗಳೂರಿನಲ್ಲಿ ಓಡುತ್ತಿರುವ ಏಥರ್ ಸ್ಕೂಟರಿನ ಹಿಂದಿನ ಗಾಲಿಯನ್ನು ತಿರುಗಿಸುವುದೂ ಹಲ್ಲಿನ ಬೆಲ್ಟೇ. ಸೈಕಲ್ಲಿಗೂ ಅಂಥದ್ದು ಬಂದಿದೆ, ಒಳಗೆ ಕಾರ್ಬನ್ ಎಳೆ. ಎಣ್ಣೆ ಬೇಡ, ತುಕ್ಕಿಲ್ಲ, ಸದ್ದಿಲ್ಲ. ಕೆಲಸ ಸಿಕ್ಕಿ ಕೆಲವು ವರ್ಷದ ಮೇಲೆ ಕಂತಿನಲ್ಲಿ ನಾನೂ ಒಂದು ಕೊಂಡೆ. ಬೆಲೆ ಹೇಳಲ್ಲ, ಅಮ್ಮ ಇಲ್ಲೇ ಇದ್ದಾರೆ. ಚೈನಿನ ಹಾಗೆ ಬೆಲ್ಟಿನ ಕೊಂಡಿ ಬಿಚ್ಚಲಾಗದು, ಅದಕ್ಕೆ ಸೈಕಲ್ಲಿನ ಚೌಕಟ್ಟೇ ಹಿಂದೆ ಒಂದು ಕಡೆ ಬಿಚ್ಚುವಂತಿರಬೇಕು. ಒಂದು ದಿನ ತೊಳೆಯಲು ತೆಗೆದವನು, ಪ್ಯಾಂಟಿನ ಬೆಲ್ಟ್ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಟ್ಟೆ. ಕಾರ್ಬನ್ ಎಳೆಗೆ ಅದು ಆಗದು, ಒಳಗೊಳಗೇ ಮುರಿಯುತ್ತದೆ. ಮೂರನೇ ದಿನ ಮೇಖ್ರಿ ವೃತ್ತದ ಏರಿನಲ್ಲಿ ಬೆಲ್ಟು ಕಿತ್ತುಹೋಯಿತು. ತಳ್ಳಿಕೊಂಡು ನಮ್ಮ ಹಳೆಯ ಪಂಕ್ಚರ್ ಅಂಗಡಿಗೆ ಬಂದೆ. ಅಜ್ಜ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. 'ಚೈನಾಗಿದ್ರೆ ಒಂದು ಕೊಂಡಿ ತೆಗೆದು, ಪಿನ್ನು ಹೊಡೆದು ಕೊಡ್ತಿದ್ದೆ. ಇದಕ್ಕೆ ನನ್ನ ಹತ್ರ ಮದ್ದಿಲ್ಲಪ್ಪ' ಅಂದರು. ಹೊಸ ಬೆಲ್ಟ್ ಬರಲು ಐದು ವಾರ ಬೇಕಾಯಿತು.

ಚೈನೂ ಬೆಲ್ಟೂ ಶಾಫ್ಟೂ ಯಾವುದೂ ಇಲ್ಲದ್ದೂ ಇದೆ. ನಮ್ಮ ಬೀದಿಯಲ್ಲಿ ನಿಂತಿರುತ್ತದಲ್ಲ ಯುಲು ಗಾಡಿ, ಅದಕ್ಕೆ ಮೋಟಾರು ಗಾಲಿಯ ಗುಂಬದಲ್ಲೇ. ಆದರೆ ಅದಕ್ಕೆ ಪೆಡಲೇ ಇಲ್ಲ, ಹಾಗಾಗಿ ಸೈಕಲ್ ಅನ್ನಲು ನನಗೆ ಮನಸ್ಸಿಲ್ಲ. 2021ರಲ್ಲಿ ಜರ್ಮನಿಯ ಶೆಫ್ಲರ್ ಕಂಪನಿ ತೋರಿಸಿದ್ದು ಬೇರೆ: ಪೆಡಲು ತುಳಿದರೆ ಡೈನಮೋ ತಿರುಗಿ, ವಿದ್ಯುತ್ತು ತಂತಿಯಲ್ಲಿ ಹಿಂದಿನ ಮೋಟಾರಿಗೆ ಹೋಗುತ್ತದೆ. ಕಾಲಿಗೆ ಎಷ್ಟು ಭಾರ ಅನ್ನಿಸಬೇಕು ಅನ್ನುವುದನ್ನು ಸಾಫ್ಟ್‌ವೇರು ತೀರ್ಮಾನಿಸುತ್ತದೆ. ನನ್ನ ಕಸುಬಿನವರಿಗೆ ಕೆಲಸ ಸಿಗುತ್ತದೆ ನಿಜ. ಆದರೆ ಶಕ್ತಿ ಎರಡು ಸಲ ರೂಪ ಬದಲಾಯಿಸುವಾಗ ನಷ್ಟ ಚೈನಿಗಿಂತ ಹೆಚ್ಚು, ಬ್ಯಾಟರಿಯಿಲ್ಲದೆ ಅದು ಹೊರಡುವುದೂ ಇಲ್ಲ.

2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ನಾನು ಶಾಲೆ ಮುಗಿಸಿದ್ದೆ. ಆ ಸೈಕಲ್ಲುಗಳಲ್ಲಿ ಓಡಾಡುವ ಹುಡುಗಿಯರನ್ನು ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಚೈನಿನ ಕಡೆಗೆ, ಕವಚ ಇದೆಯೋ ಇಲ್ಲವೋ ಅಂತ. ಇಷ್ಟು ವರ್ಷ ಬದಲಿ ಹುಡುಕಿ ನನಗೆ ಸಿಕ್ಕಿದ್ದು ನಾನೇ ಬಿಚ್ಚಿ ಎಸೆದ ತಗಡು. ಪೂರ್ತಿ ಕವಚವಿದ್ದರೆ ಧೂಳಿಲ್ಲ, ಮಳೆ ನೀರಿಲ್ಲ, ಎಣ್ಣೆ ಬೇಗ ಆರದು, ಲಂಗ ಪ್ಯಾಂಟು ಸಿಕ್ಕದು. ಕೆಟ್ಟರೆ ಅಜ್ಜನ ಅಂಗಡಿ ಇದೆ. ಕಟಕಟ ಅಂದರೆ ಸ್ಕ್ರೂ ಕೆಳಗೆ ಒಂದು ತುಂಡು ರಬ್ಬರು, ಹಳೆಯ ಟ್ಯೂಬಿನದು ಸಾಕು. ಆ ಭಾನುವಾರ ನನಗೆ ಇದನ್ನು ಯಾರಾದರೂ ಹೇಳಿದ್ದರೆ!

ಹಿಂದೆ ಮರದ ಕೆಳಗೆ ಎರಡು ಸೈಕಲ್ ನಿಲ್ಲಿಸಿದ್ದೇನೆ. ಒಂದು ನನ್ನ ಬೆಲ್ಟಿನದು, ಬಂದು ಓಡಿಸಿ ನೋಡಿ. ಇನ್ನೊಂದು ಅಪ್ಪನದೇ, ಹೋದ ತಿಂಗಳು ಹೊಸ ಕವಚ ಹಾಕಿಸಿದ್ದೇನೆ. ಸೀಟು ಸ್ವಲ್ಪ ತಗ್ಗಿಸಿದ್ದೇನೆ, ಅಕ್ಕನ ಅಳತೆಗೆ. ಅಕ್ಕನಿಗೆ ಇದು ಗೊತ್ತಿಲ್ಲ, ಈಗಷ್ಟೇ ಕೇಳಿಸಿಕೊಳ್ಳುತ್ತಿದ್ದಾಳೆ. ಮೈದಾನ ಖಾಲಿಯಿದೆ ಅಕ್ಕ, ಬಸ್ಸು ಬರುವುದಿಲ್ಲ.