ಎತ್ತಿನ ಕಾಲು ಉಳುಕಿದರೆ: ಬರೆ ಬೇಡ, ಬಿಡುವು ಬೇಕು

ಮುಂಗಾರು ಮಳೆ ಬಿದ್ದು ನೆಲ ಹದವಾಗಿರುತ್ತದೆ. ನಾಳೆ ಕೂರಿಗೆ ಹೂಡೋಣ ಅನ್ನುವ ಹೊತ್ತಿಗೆ ಸರಿಯಾಗಿ ಜೋಡಿಯಲ್ಲಿ ಒಂದು ಎತ್ತು ಕುಂಟತೊಡಗುತ್ತದೆ. ಒಂದು ಎತ್ತು ಕುಂಟಿದರೆ ಎರಡೂ ಕೊಟ್ಟಿಗೆಯಲ್ಲಿ ನಿಂತ ಹಾಗೆಯೇ. ಹದವಾದರೋ ಯಾರಿಗೂ ಕಾಯುವುದಿಲ್ಲ. ಆಗ ಮನೆಯವರಿಗೆಲ್ಲ ಆತುರ. 'ಬರೆ ಹಾಕಿಸಿ' ಅನ್ನುತ್ತಾರೆ ಒಬ್ಬರು. 'ಕಾಲು ಎಳೆದು ಉಳುಕು ತೆಗೆಸಿ' ಅನ್ನುತ್ತಾರೆ ಇನ್ನೊಬ್ಬರು. 'ಹೂಡಿ ನೋಡಿ, ನಡೀತಾ ನಡೀತಾ ಸರಿಹೋಗುತ್ತೆ' ಅನ್ನುತ್ತಾರೆ ಮತ್ತೊಬ್ಬರು. ಈ ಮೂರರಿಂದಲೂ ಒಳ್ಳೆಯ ಎತ್ತುಗಳು ಹಾಳಾದದ್ದನ್ನು ನಾನು ಕಂಡಿದ್ದೇನೆ. ನಾನು ಪಶುವೈದ್ಯನಲ್ಲ. ವೈದ್ಯರು ಬರುವ ತನಕ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನಷ್ಟೇ ಈ ದಿನ ಹೇಳುತ್ತೇನೆ.

ಮೊದಲು ಕೀಲು ಅಂದರೆ ಏನು ಎಂದು ತಿಳಿಯೋಣ. ಎರಡು ಮೂಳೆಗಳು ಸೇರುವ ಕಡೆ ಕೀಲು. ಮೂಳೆಯ ತುದಿಗೆ ನುಣುಪಾದ ಮೆದುಮೂಳೆಯ ಹೊದಿಕೆ ಇದೆ. ನಡುವೆ ಅಂಟಂಟಾದ ರಸವಿದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತೇವಲ್ಲ, ಅದೇ ಕೆಲಸ ಈ ರಸದ್ದು. ಮೂಳೆಯಿಂದ ಮೂಳೆಗೆ ಬಿಗಿದ ಗಟ್ಟಿ ಪಟ್ಟಿಗಳು ಕೀಲನ್ನು ಹಿಡಿದಿಟ್ಟಿವೆ. ಇನ್ನು ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ ಬೇರೆ ಇದೆ. ಅದಕ್ಕೆ ಸ್ನಾಯುರಜ್ಜು ಎಂದು ಹೆಸರು. ಹಳ್ಳಿಯಲ್ಲಿ ನಾವು ಅದನ್ನೇ ನರ ಅನ್ನುತ್ತೇವೆ. ನಿಮ್ಮ ಹಿಮ್ಮಡಿಯ ಮೇಲೆ ಕೈಯಿಟ್ಟು ನೋಡಿ. ದಪ್ಪಗೆ, ಬಿಗಿಯಾಗಿ ಸಿಕ್ಕುವುದೇ ಅದು. ಎತ್ತಿಗೆ ಇಂಥ ಹುರಿಗಳು ಕಾಲಿನ ಕೆಳಭಾಗದಲ್ಲಿ, ಮೂಳೆಯ ಹಿಂದುಗಡೆ ಕೈಗೆ ಸಿಕ್ಕುತ್ತವೆ.

ಎತ್ತು ಗುಂಡಿಗೆ ಕಾಲಿಟ್ಟಾಗ, ಕೆಸರಿನಲ್ಲಿ ಜಾರಿದಾಗ, ಹೇರು ಹೆಚ್ಚಾದ ಗಾಡಿಯನ್ನು ದಿಣ್ಣೆ ಹತ್ತಿಸಿದಾಗ ಈ ಪಟ್ಟಿ ಇಲ್ಲವೆ ಹುರಿ ಅಳತೆ ಮೀರಿ ಎಳೆಯುತ್ತದೆ. ಹಳೆಯ ಮಿಣಿಯಲ್ಲಿ ಎಳೆ ಎಳೆಯಾಗಿ ಕಿತ್ತು ಬರುತ್ತದಲ್ಲ, ಹಾಗೆ ಒಳಗೆ ಕೆಲವು ಎಳೆಗಳು ಕಿತ್ತಿರುತ್ತವೆ. ಪೂರಾ ತುಂಡಾಗುವುದೂ ಉಂಟು. ಮಾಂಸಕ್ಕೆ ಬರುವಷ್ಟು ರಕ್ತ ಈ ಹುರಿಗೆ ಬರುವುದಿಲ್ಲ. ಆದ್ದರಿಂದ ಇದು ಕೂಡಿಕೊಳ್ಳುವುದು ಬಹಳ ನಿಧಾನ. ಊತ ಒಂದು ವಾರಕ್ಕೆ ಇಳಿಯಬಹುದು, ಒಳಗಿನ ಹುರಿ ಮಾತ್ರ ಇನ್ನೂ ಹಸಿಯಾಗಿರುತ್ತದೆ. ಈ ಮಾತೊಂದನ್ನು ಮರೆಯಬೇಡಿ.

ಎತ್ತು ಕುಂಟಿದೊಡನೆ ಉಳುಕು ಎಂದು ತೀರ್ಮಾನಿಸಬಾರದು. ಮೊದಲು ಗೊರಸು ನೋಡಿ. ದನಗಳ ಕುಂಟಿನಲ್ಲಿ ಹೆಚ್ಚಿನದು ಗೊರಸಿನಿಂದಲೇ ಬರುತ್ತದೆ. ಕಾಲೆತ್ತಿ ತೊಳೆದು ನೋಡಿ. ಮುಳ್ಳು, ಕಲ್ಲು, ಗಾಜಿನ ಚೂರು ಇದೆಯೇ? ಹೊಸದಾಗಿ ಲಾಳ ಕಟ್ಟಿಸಿದ್ದರೆ ಮೊಳೆ ಜೀವಕ್ಕೆ ತಗುಲಿದೆಯೇ? ಗೊರಸಿನ ಸಂದಿನಲ್ಲಿ ಹುಣ್ಣು, ಹುಳು ಇವೆಯೇ? ಕಾಲಿನ ಜೊತೆಗೆ ಬಾಯಲ್ಲೂ ಹುಣ್ಣಾಗಿ ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಜ್ವರವಿರಬಹುದು. ಕೂಡಲೇ ಬೇರೆ ಕಟ್ಟಿ, ಪಶು ಆಸ್ಪತ್ರೆಗೆ ತಿಳಿಸಿ.

ಗೊರಸು ಚೆನ್ನಾಗಿದ್ದರೆ ಕೈಯನ್ನು ಮೇಲಕ್ಕೆ ಸವರಿಕೊಂಡು ಹೋಗಿ. ಎಲ್ಲಿ ಬಿಸಿ, ಎಲ್ಲಿ ಊತ, ಎಲ್ಲಿ ಮುಟ್ಟಿದರೆ ಕಾಲು ಕಿತ್ತುಕೊಳ್ಳುತ್ತದೆ, ನೋಡಿ. ಆ ಬದಿಯ ಚೆನ್ನಾಗಿರುವ ಕಾಲನ್ನೂ ಹಾಗೆಯೇ ಮುಟ್ಟಿ ಹೋಲಿಸಿ. ಉಳುಕು ಸಾಮಾನ್ಯವಾಗಿ ಗೊರಸಿನ ಮೇಲಿನ ಗಿಣ್ಣಿನಲ್ಲಿ ಸಿಕ್ಕುತ್ತದೆ. ಹುರಿ ಕಿತ್ತಿದ್ದರೆ ಕಾಲಿನ ಹಿಂಬದಿ ಉದ್ದಕ್ಕೆ ಬಾತಿರುತ್ತದೆ.

ಈಗ ಆರೈಕೆ. ಮೊದಲನೆಯದು, ಆ ಕ್ಷಣದಿಂದಲೇ ಕೆಲಸ ನಿಲ್ಲಿಸುವುದು. ಹೊಲದಲ್ಲಿದ್ದರೆ ನೊಗ ಬಿಚ್ಚಿ ನಿಧಾನವಾಗಿ ಮನೆಗೆ ತನ್ನಿ. ಎರಡನೆಯದು ತಣ್ಣೀರು. ಮೊದಲ ಎರಡು ದಿನ, ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಸುರಿಯಿರಿ. ಇಲ್ಲವೆ ಒದ್ದೆ ಗೋಣಿತಾಟು ಸುತ್ತಿ ಆಗಾಗ್ಗೆ ನೀರು ಚಿಮುಕಿಸಿ. ಈ ಎರಡು ದಿನ ಶಾಖ ಕೊಡಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು, ಕಾಲು ಎಳೆಯಬಾರದು. ಒಳಗೆ ರಕ್ತ ಒಸರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ.

ಮೂರು ದಿನದ ಮೇಲೆ, ಮುಟ್ಟಿದರೆ ಬಿಸಿ ಇಲ್ಲವೆಂದಾದಾಗ, ಉಪ್ಪು ಹಾಕಿದ ಬಿಸಿನೀರಿನ ಶಾಖ ಕೊಡಿ. ನಿಮ್ಮ ಕೈ ತಾಳುವಷ್ಟೇ ಬಿಸಿ ಇರಲಿ. ಆಮೇಲೆ ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಸವರಬಹುದು. ಪಟ್ಟಿ ಕಟ್ಟುವುದಾದರೆ ಹತ್ತಿ ಇಟ್ಟು ಸಡಿಲವಾಗಿ ಕಟ್ಟಿ. ಪಟ್ಟಿಯ ಕೆಳಗೆ ಕಾಲು ಬಾತರೆ ಅಥವಾ ತಣ್ಣಗಾದರೆ ಕೂಡಲೇ ಬಿಚ್ಚಿ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಬಿಡುವು. ಸಣ್ಣ ಉಳುಕಿಗೆ ಎರಡು ಮೂರು ವಾರ. ಹುರಿಗೆ ಪೆಟ್ಟಾಗಿದ್ದರೆ ಆರು ವಾರಕ್ಕೆ ಕಡಮೆಯಿಲ್ಲ, ತಿಂಗಳುಗಟ್ಟಲೆ ಬೇಕಾಗುವುದೂ ಉಂಟು. ಆಮೇಲೂ ಮೊದಲು ಸಮನೆಲದಲ್ಲಿ ನಡೆಸಿ, ಅನಂತರ ಹಗುರಾದ ಕುಂಟೆಗೆ ಹೂಡಿ, ಕೊನೆಗೆ ನೇಗಿಲು, ಗಾಡಿ.

ಇದನ್ನು ಕೇಳಿ ಒಬ್ಬ ಹಿರಿಯ ರೈತರು ನನ್ನನ್ನು ತರಾಟೆಗೆ ತೆಗೆದುಕೊಂಡರು. 'ಸ್ವಾಮಿ, ನಮ್ಮಪ್ಪನ ಕಾಲದಿಂದ ಬರೆ ಹಾಕ್ತಾ ಬಂದಿದೀವಿ. ಎಷ್ಟೋ ಎತ್ತು ಸರಿಹೋಗಿವೆ. ನೀವು ಬೇಡ ಅಂತೀರಲ್ಲ?' ನಾನು ಕೇಳಿದೆ: 'ಯಜಮಾನ್ರೇ, ಬರೆ ಹಾಕಿದ ಎತ್ತನ್ನು ಮಾರನೆ ದಿನ ಹೂಡ್ತಿದ್ರಾ?' 'ಎಲ್ಲಾದ್ರೂ ಉಂಟೇ! ಗಾಯ ಮಾಯೋ ತನಕ ತಿಂಗಳೊಪ್ಪತ್ತು ಕಟ್ಟಿ ಹಾಕ್ತಿದ್ವಿ.' 'ಹಾಗಾದರೆ ವಾಸಿ ಮಾಡಿದ್ದು ಆ ಬಿಡುವೇ ಅಲ್ಲವೇ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೂಂ, ಇರಬೌದು' ಅಂದರು. ಬರೆಯಿಂದ ಬರುವುದು ಸುಟ್ಟ ಗಾಯ, ಕೀವು, ಹುಳು. ಅದನ್ನು ಬಿಟ್ಟು ಬಿಡುವನ್ನಷ್ಟೇ ಇಟ್ಟುಕೊಂಡರೆ ಎತ್ತಿಗೂ ಸುಖ, ನಮಗೂ ಲಾಭ.

ಆತುರದ ಫಲವನ್ನೂ ಹೇಳಿಬಿಡುತ್ತೇನೆ. ಒಂದು ಮನೆಯಲ್ಲಿ ರಾಗಿ ಬಿತ್ತನೆಯ ಹೊತ್ತಿಗೆ ಹಳ್ಳಿಕಾರ್ ಎತ್ತೊಂದಕ್ಕೆ ಹುರಿ ಎಳೆದಿತ್ತು. ತಣ್ಣೀರು ಹಾಕಿದರು, ಊತ ಇಳಿಯಿತು. ಎಂಟನೆಯ ದಿನ 'ಒಂದೇ ಒಂದು ಸಾಲು' ಎಂದು ಹೂಡಿದರು. ಒಂದು ಸಾಲು ಹತ್ತಾಯಿತು. ಸಂಜೆಗೆ ಎತ್ತು ಕಾಲೂರಲಿಲ್ಲ. ಆಮೇಲೆ ಅದು ನೊಗಕ್ಕೆ ಬರಲೇ ಇಲ್ಲ. ಬಿತ್ತನೆ ಮುಗಿಯಿತು, ಜೋಡಿ ಮುರಿಯಿತು.

ಹಾಗಾದರೆ ಬಿತ್ತನೆ ಹೇಗೆ? ನಮ್ಮಲ್ಲಿ ಮುಯ್ಯಾಳು ಪದ್ಧತಿ ಉಂಟಲ್ಲ, ಎತ್ತಿನಲ್ಲೂ ಅದನ್ನೇ ಮಾಡಿ. ಈ ವಾರ ಅವರ ಎತ್ತು ನಿಮ್ಮ ಹೊಲಕ್ಕೆ, ಮುಂದೆ ನಿಮ್ಮ ಜೋಡಿ ಅವರ ಹೊಲಕ್ಕೆ. ಆಗದಿದ್ದರೆ ಆ ಎರಡು ದಿನದ ಮಟ್ಟಿಗೆ ಬಾಡಿಗೆಯ ಟ್ರ್ಯಾಕ್ಟರ್ ಕರೆಸಿ. ಎತ್ತಿನ ಬೆಲೆಯ ಮುಂದೆ ಆ ಬಾಡಿಗೆ ದೊಡ್ಡದಲ್ಲ.

ಉಳುಕಿನಂತೆ ಕಂಡರೂ ಉಳುಕಲ್ಲದ ಇನ್ನೊಂದು ತೊಂದರೆ ಇದೆ. ಬೆಳಗ್ಗೆ ಎಬ್ಬಿಸಿದಾಗ ಹಿಂಗಾಲು ಕೋಲಿನಂತೆ ಸೆಟೆದು ಹಿಂದಕ್ಕೆ ನಿಲ್ಲುತ್ತದೆ. ಗೊರಸಿನ ತುದಿ ನೆಲ ಕೆರೆಯುತ್ತದೆ. ನಾಲ್ಕು ಹೆಜ್ಜೆ ಎಳೆದು, ಫಕ್ಕನೆ ಕಾಲು ಬಿಟ್ಟುಕೊಂಡು ಸರಿಯಾಗಿ ನಡೆಯುತ್ತದೆ. ಇಲ್ಲಿ ಹಿಂಗಾಲಿನ ಮಂಡಿಚಿಪ್ಪು ಮೇಲೆ ಸಿಕ್ಕಿಕೊಂಡಿರುತ್ತದೆ. ಇದಕ್ಕೆ ಬರೆಯೂ ಮದ್ದಲ್ಲ, ಎಣ್ಣೆಯೂ ಮದ್ದಲ್ಲ. ಪಶುವೈದ್ಯರು ಮರವಟ್ಟಿಸುವ ಚುಚ್ಚುಮದ್ದು ಕೊಟ್ಟು, ಮಂಡಿಯ ಒಳಬದಿಯ ಪಟ್ಟಿಯೊಂದನ್ನು ಕತ್ತರಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಸಾಮಾನ್ಯವಾಗಿ ಎತ್ತು ಆಗಲೇ ಕಾಲು ಮಡಿಚಿ ನಡೆಯುತ್ತದೆ. ಗಾಯ ಮಾಯುವ ತನಕ ಹೂಡಬಾರದು, ಅಷ್ಟೆ.

ನೋವಿನ ಔಷಧಿಯ ವಿಷಯ. ಮನುಷ್ಯರ ಮಾತ್ರೆಯನ್ನೋ ಚುಚ್ಚುಮದ್ದನ್ನೋ ನೀವಾಗಿ ಕೊಡಬೇಡಿ. ಅದರಲ್ಲೂ ಡೈಕ್ಲೋಫೆನಾಕ್ ಎಂಬ ಔಷಧಿಯನ್ನು ದನಗಳಿಗೆ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಅದನ್ನು ಕೊಟ್ಟ ದನ ಸತ್ತರೆ, ಆ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವಾಗಿ ಘೋಷಿಸಿದ್ದು ಆ ಹಕ್ಕಿಗಳನ್ನು ಉಳಿಸುವುದಕ್ಕೆ. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಿಗಳನ್ನೂ ದನಗಳಿಗೆ ನಿಷೇಧಿಸಲಾಯಿತು. ಹದ್ದಿಗೆ ಕೇಡಿಲ್ಲದ ಮೆಲಾಕ್ಸಿಕ್ಯಾಮ್ ಎಂಬ ಔಷಧಿ ಇದೆ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ತಡಮಾಡದೆ ವೈದ್ಯರನ್ನು ಕರೆಯಬೇಕಾದ ಸಂದರ್ಭಗಳು ಇವು: ಎತ್ತು ಕಾಲನ್ನು ಊರದೇ ಇದ್ದಾಗ, ಕಾಲು ಸೊಟ್ಟಗಾದಾಗ ಇಲ್ಲವೆ ಒಂದು ಕಾಲು ಗಿಡ್ಡವಾಗಿ ಕಂಡಾಗ, ಕೀಲಿನ ಮೇಲೆ ಗಾಯವಾಗಿ ಅಂಟು ನೀರು ಸುರಿಯುವಾಗ, ಜ್ವರ ಬಂದು ಮೇವು ಬಿಟ್ಟಾಗ, ಮೂರು ದಿನದ ಆರೈಕೆಗೂ ಜಗ್ಗದಿದ್ದಾಗ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿಕಳಿಸಿ, ಅಥವಾ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಬಹುದು.

ಬರದಂತೆ ತಡೆಯುವುದೂ ನಮ್ಮ ಕೈಯಲ್ಲೇ ಇದೆ. ಕೊಟ್ಟಿಗೆಯ ನೆಲ ಜಾರದಂತಿರಲಿ, ಗಂಜಲ ನಿಲ್ಲದಿರಲಿ. ಸವೆದ ಲಾಳ ಬದಲಾಯಿಸಿ. ಎತ್ತರದಲ್ಲಿ, ಬಲದಲ್ಲಿ ಸಮನಾದ ಎತ್ತುಗಳನ್ನೇ ಜೋಡಿ ಮಾಡಿ. ಬೇಸಗೆಯಲ್ಲಿ ಸುಮ್ಮನೆ ನಿಂತ ಎತ್ತನ್ನು ಮಳೆ ಬಿದ್ದ ಮೊದಲ ದಿನವೇ ಇಡೀ ದಿನ ಉಳಿಸಬೇಡಿ. ವಾರದ ಮುಂಚೆಯೇ ಸ್ವಲ್ಪ ಸ್ವಲ್ಪ ನಡೆಸಿ ಮೈ ಪಳಗಿಸಿ.

ಎತ್ತು ಬಾಯಿಬಿಟ್ಟು ನೋವು ಹೇಳಲಾರದು; ಕುಂಟುವುದೇ ಅದರ ಮಾತು. ಆ ಮಾತು ಕಿವಿಗೆ ಬಿದ್ದ ದಿನವೇ ನೊಗ ಇಳಿಸಿ. ಮೂರು ವಾರ ಕಾದರೆ ಮುಂದಿನ ಹತ್ತು ಮಳೆಗಾಲ ಅದು ನಿಮ್ಮ ಹೊಲ ಉತ್ತೀತು.